ಮಾತನಾಡುತ್ತಾ ಓಡುವ ಸುಖ

ಮೊದಲು ಸಮುದ್ರದಲ್ಲಿ 3.86 ಕಿಲೋಮೀಟರ್ ಈಜು. ದಡ ಸೇರಿದವರೇ ಸೈಕಲ್ ಹತ್ತಿ 180 ಕಿಲೋಮೀಟರ್ ಸವಾರಿ. ಸೈಕಲ್ ಇಳಿದವರೇ 42.2 ಕಿಲೋಮೀಟರ್ ಓಟ. ನಡುವೆ ರಾತ್ರಿಯ ನಿದ್ದೆಯಿಲ್ಲ, ಮಾರನೆಯ ದಿನಕ್ಕೆ ಉಳಿಸಿಕೊಳ್ಳುವ ಹಾಗಿಲ್ಲ. ಎಲ್ಲವೂ ಸುಮಾರು 17 ಗಂಟೆಗಳೊಳಗೆ ಮುಗಿಯಬೇಕು. ಇದಕ್ಕೆ ದೀರ್ಘ ಅಂತರದ ಟ್ರಯಾಥ್ಲಾನ್ ಎಂದು ಹೆಸರು. ‘ಐರನ್‌ಮ್ಯಾನ್’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಇದು ಪ್ರಸಿದ್ಧ.

ಅಂಕಿಗಳು ಬರಿಯ ಅಂಕಿಗಳಾಗಿಯೇ ಉಳಿದರೆ ಅವುಗಳ ಭಾರ ತಿಳಿಯುವುದಿಲ್ಲ. ಐವತ್ತು ಮೀಟರ್ ಉದ್ದದ ಈಜುಕೊಳವನ್ನು ಎಪ್ಪತ್ತೇಳು ಸಲ ದಾಟಿದರೆ ಆ ಈಜು ಮುಗಿಯುತ್ತದೆ. ಸೈಕಲ್ ಸವಾರಿಯೆಂದರೆ ಬೆಂಗಳೂರಿನಿಂದ ಹಾಸನಕ್ಕೆ ಹೋದಷ್ಟು ದೂರ. ಓಟವೋ, ಹೆಚ್ಚುಕಡಿಮೆ ಮಂಡ್ಯದಿಂದ ಮೈಸೂರಿಗೆ ಬಂದಷ್ಟು. ಕೇಳಿದವರು “ಯಾಕಪ್ಪಾ ಈ ಹಿಂಸೆ?” ಎಂದರೆ ಆಶ್ಚರ್ಯವೇನಿಲ್ಲ.

ಆದರೆ ಇದಕ್ಕಾಗಿ ತಯಾರಿ ನಡೆಸುವವರನ್ನು ಕೇಳಿ ನೋಡಿ. ಸ್ಪರ್ಧೆಯ ಒಂದು ದಿನಕ್ಕಿಂತ ಅದಕ್ಕೆ ಮುಂಚಿನ ಆರೆಂಟು ತಿಂಗಳ ಬಗ್ಗೆಯೇ ಅವರು ಹೆಚ್ಚು ಮಾತನಾಡುತ್ತಾರೆ. ನಸುಕಿನ ಸೈಕಲ್ ಸವಾರಿ, ನಡುವೆ ಪಂಕ್ಚರಾದ ಗಾಲಿ, ದಾರಿಯ ಬದಿಯ ಚಹಾ, ಎಲ್ಲಕ್ಕಿಂತ ಮಿಗಿಲಾಗಿ ಜೊತೆಗಿದ್ದ ಗೆಳೆಯರು. ಸ್ಪರ್ಧೆಯಲ್ಲಿ ಪ್ರತಿಯೊಬ್ಬರೂ ಒಂಟಿ. ತಯಾರಿಯಲ್ಲಿ ಮಾತ್ರ ಯಾರೂ ಒಂಟಿಯಲ್ಲ. ಈ ಜೊತೆಗಾರಿಕೆ ಮನರಂಜನೆಗಷ್ಟೇ ಇರುವುದಲ್ಲ, ತಯಾರಿಯ ಯಂತ್ರದಲ್ಲಿ ಅದೂ ಒಂದು ಮುಖ್ಯ ಚಕ್ರ ಎಂಬುದಕ್ಕೆ ವಿಜ್ಞಾನದ ಆಧಾರವೂ ಇದೆ.

ಒಂದು ವಾದದಿಂದ ಹುಟ್ಟಿದ ಆಟ

ಈ ಆಟ ಹುಟ್ಟಿದ್ದೇ ಸ್ನೇಹಿತರ ನಡುವಿನ ಒಂದು ವಾದದಿಂದ. 1977ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ ಒಂದು ರಿಲೇ ಓಟದ ಬಹುಮಾನ ವಿತರಣೆ ನಡೆದಿತ್ತು. ಯಾರ ದೇಹ ಹೆಚ್ಚು ಗಟ್ಟಿ, ಓಟಗಾರರದೋ ಈಜುಗಾರರದೋ ಎಂದು ಚರ್ಚೆ ಎದ್ದಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ಬೆಲ್ಜಿಯಂನ ಸೈಕಲ್ ವೀರ ಎಡ್ಡಿ ಮರ್ಕ್ಸ್‌ನ ಹೆಸರು ಹೇಳಿ ಸೈಕಲ್ ಸವಾರರನ್ನೂ ವಾದಕ್ಕೆ ಎಳೆದರು. ಆ ದ್ವೀಪದಲ್ಲಿ ಆಗಲೇ ಬೇರೆ ಬೇರೆಯಾಗಿ ನಡೆಯುತ್ತಿದ್ದ ಒಂದು ದೂರದ ಈಜು, ಒಂದು ಸೈಕಲ್ ಸವಾರಿ ಮತ್ತು ಒಂದು ಮ್ಯಾರಥಾನ್ ಓಟ ಇವು ಮೂರನ್ನೂ ಒಂದೇ ದಿನ ಮುಗಿಸಿ ತೀರ್ಮಾನಿಸಿಬಿಡೋಣ ಎಂಬುದು ಅವರ ಸಲಹೆ.

ಜಾನ್ ಮತ್ತು ಅವರ ಪತ್ನಿ ಜೂಡಿ ಇಬ್ಬರಿಗೂ ಇದು ಪೂರಾ ಹೊಸದಲ್ಲ. 1974ರಲ್ಲಿ ಸ್ಯಾನ್ ಡಿಯೇಗೊದ ಮಿಷನ್ ಬೇಯಲ್ಲಿ ನಡೆದ ಚಿಕ್ಕ ಟ್ರಯಾಥ್ಲಾನ್‌ನಲ್ಲಿ ಅವರು ಭಾಗವಹಿಸಿದ್ದರು. 1978ರ ಫೆಬ್ರವರಿ 18ರಂದು ಹವಾಯಿಯ ಮೊದಲ ಸ್ಪರ್ಧೆ ನಡೆಯಿತು. ಹೊರಟವರು 15 ಮಂದಿ, ಮುಗಿಸಿದವರು 12. ಮೊದಲು ಬಂದ ಗಾರ್ಡನ್ ಹ್ಯಾಲರ್ ತೆಗೆದುಕೊಂಡ ಸಮಯ 11 ಗಂಟೆ 46 ನಿಮಿಷ 58 ಸೆಕೆಂಡ್. ಕಾಲಿನ್ಸ್ ಸುಮಾರು 17 ಗಂಟೆಗಳಲ್ಲಿ ಮುಗಿಸಿದರು. ಆ ದಿನ ದಾರಿಯುದ್ದಕ್ಕೂ ನೀರು, ಆಹಾರ ಕೊಡುವ ವ್ಯವಸ್ಥೆ ಇರಲಿಲ್ಲ. ಪ್ರತಿ ಸ್ಪರ್ಧಿಯೂ ತನ್ನ ನೆರವಿಗೆ ತನ್ನವರನ್ನೇ ಕರೆತರಬೇಕಿತ್ತು. ಅಂದರೆ ಮೊದಲ ದಿನದಿಂದಲೇ ಗೆಳೆಯರಿಲ್ಲದೆ ಈ ಆಟವಿಲ್ಲ.

ಇಂದು ಇದರ ಚಿಕ್ಕ ರೂಪಗಳೂ ಇವೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಟ್ರಯಾಥ್ಲಾನ್‌ನಲ್ಲಿ ಈಜು 1.5 ಕಿ.ಮೀ., ಸೈಕಲ್ 40 ಕಿ.ಮೀ., ಓಟ 10 ಕಿ.ಮೀ. ಪೂರ್ಣ ದೂರದ ಸರಿಯರ್ಧ, ಅಂದರೆ 113 ಕಿಲೋಮೀಟರಿನ ಸ್ಪರ್ಧೆ 2019ರಲ್ಲಿ ಗೋವಾಕ್ಕೂ ಬಂತು.

ನಾಲ್ವರ ತಂಡ

ಮೈಸೂರಿನಲ್ಲಿ ನಾವು ನಾಲ್ವರು ಈ ಅರ್ಧ ದೂರವನ್ನು ಕಣ್ಣಮುಂದಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇವೆ. ಪಾಠ ಹೇಳುವ ನಾನು, ಬ್ಯಾಂಕಿನಲ್ಲಿರುವ ನನ್ನ ಬಾಲ್ಯದ ಗೆಳೆಯ, ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಇನ್ನೊಬ್ಬ ಮಿತ್ರ, ಇಪ್ಪತ್ತು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದು ಈಗ ಇಂಜಿನಿಯರಾಗಿರುವ ಹುಡುಗ. ಮೂವರಿಗೆ ಐವತ್ತು ದಾಟಿದೆ; ಆ ಹುಡುಗನಿಗೆ ಇನ್ನೂ ನಲವತ್ತಾಗಿಲ್ಲ. ಶುರು ಮಾಡುವ ಮೊದಲು ನಾಲ್ವರೂ ವೈದ್ಯರ ಹತ್ತಿರ ಹೋಗಿ ಹೃದಯ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ಪರೀಕ್ಷಿಸಿಕೊಂಡೆವು.

ಭಾನುವಾರ ಬೆಳಗಿನ ಜಾವ ಐದೂವರೆಗೆ ಸೈಕಲ್‌ಗಳು ನಂಜನಗೂಡಿನ ಕಡೆಗೆ ಹೊರಡುತ್ತವೆ. ವಾರದ ನಡುವೆ ಎರಡು ದಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಓಟ, ಎರಡು ದಿನ ಈಜುಕೊಳ. ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಏರು. ಏರಿನಲ್ಲಿ ಬ್ಯಾಂಕಿನ ಗೆಳೆಯ ಹಿಂದೆ ಬೀಳುತ್ತಾನೆ. ಈಜಿನಲ್ಲಿ ನಾವೆಲ್ಲ ಅವನ ಹಿಂದೆ. “ಸಾರ್, ಎಂಟನೇ ಕ್ಲಾಸಲ್ಲಿ ನೀವು ನನಗೆ ಬಸ್ಕಿ ಹೊಡೆಸಿದ್ರಲ್ಲ, ಅದರ ಬಡ್ಡಿ ಈಗ ತೀರಿಸ್ತಿದ್ದೀನಿ” ಎಂದು ನನ್ನ ಶಿಷ್ಯ ಬೆಟ್ಟದ ತಿರುವಿನಲ್ಲಿ ನನ್ನನ್ನು ದಾಟಿಹೋಗುತ್ತಾನೆ. ಅಂಗಡಿಯ ಮಿತ್ರ ಹಿಂದಿನಿಂದ “ಹೋಗ್ಲಿ ಬಿಡಪ್ಪಾ, ಇಳಿಯುವಾಗ ಹಿಡಿಯೋಣ” ಎಂದು ಸಮಾಧಾನ ಹೇಳುತ್ತಾನೆ. ಇಳಿದ ಮೇಲೆ ಇಡ್ಲಿ, ದೋಸೆ, ಕಾಫಿ. ಆ ದೋಸೆಯ ರುಚಿ ಮಧ್ಯಾಹ್ನ ಮಲಗಿ ಎದ್ದವನಿಗೆ ಸಿಗುವಂಥದ್ದಲ್ಲ!

ಮಾತೇ ಮಾಪಕ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ನಮ್ಮ ಗಾದೆ ಈ ಆಟಕ್ಕೂ ಚೆನ್ನಾಗಿ ಒಪ್ಪುತ್ತದೆ. ಮೊದಲು ಮಾತಿನ ವಿಚಾರ ನೋಡೋಣ.

ದೂರದ ಓಟದ ತರಬೇತುದಾರರು ಹೊಸಬರಿಗೆ ಹೇಳುವ ಮೊದಲ ಸೂತ್ರ ಬಹಳ ಸರಳ. ಅಭ್ಯಾಸದ ಬಹುಪಾಲು ಹೊತ್ತು, ಪಕ್ಕದವನ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವ ವೇಗದಲ್ಲಿಯೇ ಓಡಿ. ಒಂದೊಂದು ಪದಕ್ಕೂ ಏದುಸಿರು ಬಿಡಬೇಕಾದರೆ ವೇಗ ಹೆಚ್ಚಾಯಿತು ಎಂದರ್ಥ. ಇದಕ್ಕೆ ‘ಮಾತಿನ ಪರೀಕ್ಷೆ’ ಎನ್ನುತ್ತಾರೆ. ಕೈಗೆ ಕಟ್ಟುವ ದುಬಾರಿ ಗಡಿಯಾರ ನಾಡಿಬಡಿತ ತೋರಿಸುತ್ತದೆ, ನಿಜ. ಆದರೆ ಬಾಯಿಬಡುಕ ಗೆಳೆಯನೊಬ್ಬ ಪಕ್ಕದಲ್ಲಿದ್ದರೆ ಅದೇ ಕೆಲಸ ಪುಕ್ಕಟೆಯಾಗಿ ನಡೆಯುತ್ತದೆ!

ಇದರ ಹಿಂದಿನ ಕಾರಣ ನಮ್ಮ ದೇಹದ ಇಂಧನದಲ್ಲಿದೆ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟ ಶೇಖರವಾಗಿರುತ್ತದೆ. ಅದರ ಪ್ರಮಾಣ ಸುಮಾರು 400ರಿಂದ 500 ಗ್ರಾಂ. ಗ್ರಾಂಗೆ 4 ಕಿಲೊಕ್ಯಾಲೊರಿಯಂತೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 2,000 ಕಿಲೊಕ್ಯಾಲೊರಿ. ಪೂರ್ಣ ದೂರದ ಟ್ರಯಾಥ್ಲಾನ್‌ಗೆ ಬೇಕಾಗುವುದು ಇದರ ನಾಲ್ಕು ಪಟ್ಟಿನಷ್ಟು! ಇನ್ನೊಂದೆಡೆ ಅರವತ್ತು ಕಿಲೋ ತೂಕದ ಆರೋಗ್ಯವಂತನ ಮೈಯಲ್ಲಿ ಎಂಟು ಕಿಲೋ ಕೊಬ್ಬಿದೆ ಎಂದುಕೊಳ್ಳಿ. ಗ್ರಾಂಗೆ 9 ಕಿಲೊಕ್ಯಾಲೊರಿಯಂತೆ ಅದು 72,000 ಕಿಲೊಕ್ಯಾಲೊರಿಯ ಉಗ್ರಾಣ.

ಗ್ಲೈಕೋಜೆನ್ ಕರ್ಪೂರದಂತೆ, ಭಗ್ಗನೆ ಉರಿದು ಬೇಗ ಮುಗಿಯುತ್ತದೆ. ಕೊಬ್ಬು ನಂದಾದೀಪದ ಎಣ್ಣೆಯಂತೆ. ನಿಧಾನ, ಆದರೆ ರಾತ್ರಿಯಿಡೀ ಉರಿಯುತ್ತದೆ. ವೇಗ ಹೆಚ್ಚಿದಷ್ಟೂ ದೇಹ ಕರ್ಪೂರವನ್ನು ಬಳಸುತ್ತದೆ. ಮಾತನಾಡಬಲ್ಲ ವೇಗದಲ್ಲಿ ಎಣ್ಣೆಯ ಪಾಲು ಹೆಚ್ಚು. ಹೀಗೆ ತಿಂಗಳುಗಟ್ಟಲೆ ಓಡಿದಾಗ ಸ್ನಾಯುವಿನ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಗಳೆಂಬ ಪುಟ್ಟ ಶಕ್ತಿಕೇಂದ್ರಗಳು ಹೆಚ್ಚುತ್ತವೆ. ಅಮೆರಿಕದ ವಿಜ್ಞಾನಿ ಜಾನ್ ಹಾಲೊಸ್ಸಿ ಇಲಿಗಳನ್ನು ಹನ್ನೆರಡು ವಾರ ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಗಳು ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಎರಡು ಪಟ್ಟಾದದ್ದನ್ನು 1967ರಲ್ಲಿ ಪ್ರಕಟಿಸಿದರು. ಹನ್ನೆರಡು ವಾರ! ಒಂದೇ ವಾರದ ಆವೇಶದಿಂದ ಇದು ಆಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇನ್ನು ಊಟದ ವಿಚಾರ. ಖಾಲಿಯಾಗುವ ಕರ್ಪೂರವನ್ನು ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳಬೇಕು. ನಮ್ಮ ಜೇಬಿನಲ್ಲಿ ಬಾಳೆಹಣ್ಣು, ಕಡಲೆ ಮಿಠಾಯಿ ಇರುತ್ತವೆ. ನೀರನ್ನು ಮಾತ್ರ ಬಾಯಾರಿಕೆಗೆ ತಕ್ಕಷ್ಟೇ ಕುಡಿಯಬೇಕು. ಗಂಟೆಗಟ್ಟಲೆ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಜೊತೆಗಾರನ ಮಾತು ತೊದಲುತ್ತಿದೆಯೇ, ಸುಮ್ಮನೆ ಸಿಡಿಮಿಡಿಗೊಳ್ಳುತ್ತಿದ್ದಾನೆಯೇ ಎಂದು ಗಮನಿಸಲು ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ತನಗೆ ತಲೆ ತಿರುಗುತ್ತಿದೆ ಎಂಬುದು ತಿರುಗುವ ತಲೆಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ.

ಗಾಳಿಯ ಸಾಲ

ಸೈಕಲ್ ಸವಾರಿಯಲ್ಲಿ ಗೆಳೆಯನ ಉಪಕಾರವನ್ನು ಭೌತಶಾಸ್ತ್ರದಿಂದಲೇ ಅಳೆಯಬಹುದು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ. ಗಂಟೆಗೆ 20 ಕಿಲೋಮೀಟರ್ ಹೋಗುತ್ತಿದ್ದವನು 30ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಗಾಳಿಗಾಗಿ ಖರ್ಚಾಗುವ ಸಾಮರ್ಥ್ಯ ಮಾತ್ರ ಸುಮಾರು 3.4 ಪಟ್ಟು! ಮುಂದಿನವನ ಬೆನ್ನಿಗೆ ಹತ್ತಿರವಾಗಿ ಹೋಗುವವನಿಗೆ ಈ ಗಾಳಿಯ ಹೊಡೆತ ತಪ್ಪಿ, ಒಟ್ಟು ಶ್ರಮದಲ್ಲಿ ಕಾಲುಭಾಗ ಅಥವಾ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಹಾಗಾಗಿ ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಹೋಗಿ ಗಾಳಿ ತಡೆಯುತ್ತಾರೆ. ನಮ್ಮ ತಂಡದಲ್ಲಿ ಇದಕ್ಕೆ ‘ಗಾಳಿಯ ಸಾಲ’ ಎಂದು ಹೆಸರು. ಹೋಗುವಾಗ ಸಾಲ ಮಾಡಿದವನು ಬರುವಾಗ ತೀರಿಸಬೇಕು.

ಸ್ವಾರಸ್ಯವೇನೆಂದರೆ, ಐರನ್‌ಮ್ಯಾನ್ ಸ್ಪರ್ಧೆಯ ದಿನ ಹೀಗೆ ಇನ್ನೊಬ್ಬನ ಬೆನ್ನ ಹಿಂದೆ ಅಡಗುವಂತಿಲ್ಲ. ಸೈಕಲ್‌ಗಳ ನಡುವೆ ಹತ್ತು ಮೀಟರಿಗಿಂತ ಹೆಚ್ಚು ಅಂತರ ಇರಲೇಬೇಕು, ತಪ್ಪಿದರೆ ದಂಡ. ಅಂದಮೇಲೆ ಒಬ್ಬೊಬ್ಬನೇ ಗಾಳಿಗೆ ಎದೆಕೊಡುವುದನ್ನೂ ಅಭ್ಯಾಸದಲ್ಲಿ ಕಲಿಯಬೇಕು. ಒಳ್ಳೆಯ ಗೆಳೆಯ ಕೆಲವು ದಿನ ಮುಂದೆ ನಿಂತು ಗಾಳಿ ತಡೆಯುತ್ತಾನೆ, ಕೆಲವು ದಿನ ಬೇಕೆಂದೇ ಪಕ್ಕಕ್ಕೆ ಸರಿಯುತ್ತಾನೆ. ತಂದೆತಾಯಿಗಳ ಕೆಲಸವೂ ಬಹುಶಃ ಇಂಥದ್ದೇ ಅಲ್ಲವೇ?

ಹಂಚಿಕೊಂಡ ನೋವು

ಜೊತೆಯಲ್ಲಿ ದುಡಿದರೆ ದಣಿವು ಕಡಿಮೆ ಎಂಬುದು ಗದ್ದೆಯಲ್ಲಿ ನಾಟಿ ಮಾಡುವವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ‘ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ’ ಎಂದರು ಹಿರಿಯರು. ಅಲ್ಲಿ ಹೊರೆ ನಿಜವಾಗಿಯೂ ಹಂಚಿಹೋಗುತ್ತದೆ. ಆದರೆ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊತ್ತಾಗಲೂ ಜೊತೆಯಿಂದ ಲಾಭವಿದೆಯೇ?

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಮ್ಮಾ ಕೋಹೆನ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿದರು. ಅಲ್ಲಿಯ ದೋಣಿ ಸ್ಪರ್ಧೆಯ ತಂಡದ 12 ಮಂದಿಯನ್ನು ಹುಟ್ಟು ಹಾಕುವ ಯಂತ್ರಗಳ ಮೇಲೆ 45 ನಿಮಿಷ ದುಡಿಸಿದರು. ಕೆಲವು ದಿನ ಒಬ್ಬೊಬ್ಬರೇ, ಕೆಲವು ದಿನ ಗುಂಪಿನಲ್ಲಿ ಒಂದೇ ಲಯದಲ್ಲಿ. ಬಳಿಕ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು, ಎಷ್ಟು ಒತ್ತಡಕ್ಕೆ ನೋವು ಅನಿಸುತ್ತದೆ ಎಂದು ಅಳೆದರು. ಎರಡೂ ಸಂದರ್ಭದಲ್ಲಿ ದುಡಿಮೆ ಒಂದೇ ಮಟ್ಟದ್ದು. ಆದರೂ ಗುಂಪಿನಲ್ಲಿ ದುಡಿದ ದಿನ ನೋವು ತಾಳುವ ಶಕ್ತಿ ಹೆಚ್ಚಾಗಿತ್ತು. ಮಿದುಳಿನಲ್ಲಿ ಹುಟ್ಟುವ ಎಂಡಾರ್ಫಿನ್ ಎಂಬ ನೋವು ನಿವಾರಕಗಳು ಜೊತೆಗೂಡಿ ದುಡಿದಾಗ ಹೆಚ್ಚು ಸ್ರವಿಸುತ್ತವೆ ಎಂಬುದು ಅವರ ಊಹೆ. ಈ ಲೇಖನ 2010ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹನ್ನೆರಡು ಜನರ ಪ್ರಯೋಗ ಚಿಕ್ಕದು, ಅದೇ ಕೊನೆಯ ಮಾತಲ್ಲ. ಆದರೆ ಬೆಟ್ಟದ ಏರಿನಲ್ಲಿ ಗೆಳೆಯನ ಸೈಕಲ್ಲಿನ ಸದ್ದು ಕೇಳುತ್ತಿರುವಾಗ ತೊಡೆಯ ಉರಿ ಸಹ್ಯವಾಗುವುದೇಕೆ ಎಂಬುದಕ್ಕೆ ಅದೊಂದು ಸುಳಿವು.

ಇಪ್ಪತ್ತು, ಹತ್ತು, ಹತ್ತು

ಜೊತೆ ಬೇರೆ, ಪೈಪೋಟಿ ಬೇರೆ. ಇದನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬರು ಗಮನಿಸಿದ್ದರು. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಅವರಿಗೆ ಸೈಕಲ್ ಸ್ಪರ್ಧೆಗಳ ಹುಚ್ಚು. ಒಂಟಿಯಾಗಿ ತುಳಿದವರಿಗಿಂತ ಜೊತೆಯಲ್ಲಿ ತುಳಿದವರ ವೇಗ ಹೆಚ್ಚಿರುವುದನ್ನು ದಾಖಲೆಗಳಲ್ಲಿ ಕಂಡು, ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ನಲವತ್ತು ಮಕ್ಕಳಿಗೆ ಮೀನಿನ ಗಾಳದ ರಾಟೆಯನ್ನು ಆದಷ್ಟು ಬೇಗ ಸುತ್ತಲು ಹೇಳಿದರು. ಕೆಲವು ಸಲ ಒಬ್ಬರೇ, ಕೆಲವು ಸಲ ಪಕ್ಕದಲ್ಲಿ ಇನ್ನೊಂದು ಮಗುವಿನ ಪೈಪೋಟಿಯಲ್ಲಿ. 1898ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪೈಪೋಟಿಯಿಂದ 20 ಮಕ್ಕಳ ವೇಗ ಹೆಚ್ಚಿತು. 10 ಮಕ್ಕಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಉಳಿದ 10 ಮಕ್ಕಳು ಉದ್ವೇಗಕ್ಕೆ ಸಿಕ್ಕಿ, ಒಬ್ಬರೇ ಇದ್ದಾಗಿಗಿಂತ ನಿಧಾನವಾದರು.

ಪಠ್ಯಗಳಲ್ಲಿ ಮೊದಲ ಇಪ್ಪತ್ತು ಮಕ್ಕಳ ಕಥೆಯೇ ಹೆಚ್ಚಾಗಿ ಉಳಿಯಿತು. ಮೇಷ್ಟ್ರಾದ ನನಗೆ ಕೊನೆಯ ಹತ್ತು ಮಕ್ಕಳು ಮುಖ್ಯ. ಪ್ರತಿ ತರಗತಿಯಲ್ಲೂ ಅವರಿದ್ದಾರೆ. ಗೋಡೆಯ ಮೇಲೆ ರ‍್ಯಾಂಕ್ ಪಟ್ಟಿ ಅಂಟಿಸಿದ ದಿನ ಕೈ ನಡುಗುವವರು, “ಪಕ್ಕದ ಮನೆಯವಳಿಗೆ ಎಷ್ಟು ಬಂತು?” ಎಂಬ ಪ್ರಶ್ನೆಗೆ ಹೆದರಿ ತಡವಾಗಿ ಮನೆಗೆ ಹೋಗುವವರು. ಎಂಟು, ಒಂಬತ್ತನೇ ತರಗತಿಯಲ್ಲಿ ಗುಂಪಾಗಿ ಸೈಕಲ್ ತುಳಿಯುತ್ತಾ ಶಾಲೆಗೆ ಬರುತ್ತಿದ್ದ ಮಕ್ಕಳು ಹತ್ತನೆಯ ತರಗತಿಗೆ ಬಂದೊಡನೆ ಬೇರೆ ಬೇರೆ ಟ್ಯೂಷನ್‌ಗಳಿಗೆ ಹಂಚಿಹೋಗುತ್ತಾರೆ. ನೋಟ್ಸ್ ಕೊಡಲು ಹಿಂಜರಿಯುತ್ತಾರೆ. ನಿನ್ನೆಯ ಗೆಳೆಯ ಇಂದಿನ ಎದುರಾಳಿ. ಕಷ್ಟದ ಕೆಲಸವನ್ನು ಯಾರ ಜೊತೆಯಲ್ಲಿ ಮಾಡಬೇಕೋ ಅವರನ್ನೇ ಅತ್ಯಂತ ಕಷ್ಟದ ವರ್ಷದಲ್ಲಿ ಮಕ್ಕಳಿಂದ ದೂರ ಮಾಡುತ್ತಿದ್ದೇವೆ.

ಹಗ್ಗದ ಇನ್ನೊಂದು ತುದಿ

2020ರ ನವೆಂಬರ್ 7ರಂದು ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಕ್ರಿಸ್ ನಿಕಿಕ್ ಎಂಬ 21 ವರ್ಷದ ಯುವಕ ಭಾಗವಹಿಸಿದ್ದ. ನಮ್ಮ ಜೀವಕೋಶಗಳಲ್ಲಿ ಇರಬೇಕಾದ ವರ್ಣತಂತುಗಳು 46. ಇಪ್ಪತ್ತೊಂದನೆಯ ವರ್ಣತಂತು ಎರಡರ ಬದಲು ಮೂರಿದ್ದರೆ ಅದೇ ಡೌನ್ ಸಿಂಡ್ರೋಮ್. ಕ್ರಿಸ್ ಹುಟ್ಟಿದ್ದು ಹಾಗೆ. ಐದು ತಿಂಗಳ ಕೂಸಾಗಿದ್ದಾಗಲೇ ಅವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು.

ಅವನ ಜೊತೆಗಾರ ಡ್ಯಾನ್ ಗ್ರೀಬ್. ನೀರಿನಲ್ಲಿ ಇಬ್ಬರ ನಡುವೆ ಒಂದು ಹಗ್ಗ. ಸೈಕಲ್ ಸವಾರಿಯಲ್ಲಿ ಕ್ರಿಸ್ ಬಿದ್ದ. ವಿಶ್ರಾಂತಿಗೆ ನಿಂತಲ್ಲಿ ಇರುವೆಗಳು ಕಚ್ಚಿದವು. ಮತ್ತೆ ಎದ್ದು ಹೊರಟ. ಅವನು ಗುರಿ ಮುಟ್ಟಿದಾಗ 16 ಗಂಟೆ 46 ನಿಮಿಷ 9 ಸೆಕೆಂಡ್ ಆಗಿತ್ತು. 17 ಗಂಟೆಯ ಗಡುವಿಗೆ ಹದಿನಾಲ್ಕು ನಿಮಿಷವೂ ಉಳಿದಿರಲಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ದೂರವನ್ನು ಮುಗಿಸಿದ ಮೊದಲಿಗ ಅವನು.

ಪ್ರತಿದಿನ ನೂರಕ್ಕೆ ಒಂದರಷ್ಟು ಉತ್ತಮವಾಗಬೇಕು ಎಂಬುದು ಕ್ರಿಸ್ ಮತ್ತು ಅವನ ತಂದೆ ಇಟ್ಟುಕೊಂಡ ಸೂತ್ರ. ಚಕ್ರಬಡ್ಡಿಯ ಲೆಕ್ಕ ಹಾಕಿದರೆ 1.01ರ 365ನೆಯ ಘಾತ ಸುಮಾರು 37.8 ಆಗುತ್ತದೆ. ಯಾರ ದೇಹವೂ ವರ್ಷದಲ್ಲಿ ಮೂವತ್ತೆಂಟು ಪಟ್ಟು ಬಲವಾಗುವುದಿಲ್ಲ, ಅದು ಬೇರೆ ಮಾತು. ಇಂದು ಮಾಡಬೇಕಾದದ್ದು ಇಷ್ಟೇ ಇಷ್ಟು ಎಂದು ತಿಳಿದರೆ ನಾಳೆಯ ಭಯ ಚಿಕ್ಕದಾಗುತ್ತದೆ, ಆ ಸೂತ್ರದ ಬೆಲೆ ಇರುವುದು ಅಲ್ಲಿ. ಹಗ್ಗದ ಇನ್ನೊಂದು ತುದಿಯಲ್ಲಿದ್ದ ಗೆಳೆಯನೂ ಅಷ್ಟೇ ದೂರ ಈಜಿದ, ತುಳಿದ, ಓಡಿದ. ಅವನು ಕ್ರಿಸ್‌ನನ್ನು ಎಳೆದೊಯ್ಯಲಿಲ್ಲ, ಜೊತೆಗಿದ್ದ.

ತಂದೆತಾಯಿಗಳಲ್ಲಿ ಒಂದು ಮಾತು

ಈ ಲೇಖನ ಓದಿ ಯಾವ ಮಗುವೂ ನಾಳೆಯೇ ಐರನ್‌ಮ್ಯಾನ್ ಆಗಬೇಕಿಲ್ಲ. ಆ ಸ್ಪರ್ಧೆಗೆ ಹದಿನೆಂಟು ವರ್ಷ ತುಂಬಿರಲೇಬೇಕು. ಬೆಳೆಯುವ ಮೂಳೆಗಳಿಗೆ ಅಷ್ಟು ದೂರದ ಹೊರೆ ಬೇಕಾಗಿಯೂ ಇಲ್ಲ. ಈಜನ್ನು ಕಲಿಸುವವರ ಕಣ್ಣಮುಂದೆ, ಈಜುಕೊಳದಲ್ಲಿ ಮಾತ್ರ ಕಲಿಯಬೇಕು. ಹಿರಿಯರ ಕಾವಲಿಲ್ಲದೆ ಕೆರೆ, ನಾಲೆ, ಕಲ್ಲುಗಣಿಯ ಹೊಂಡಗಳಿಗೆ ಮಕ್ಕಳು ಇಳಿಯಲೇಬಾರದು. ಗೆಳೆಯರ ಗುಂಪಿದೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಸೈಕಲ್ ಹತ್ತಿದರೆ ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ ಇರಲಿ.

ಬೇಕಾಗಿರುವುದು ಸಣ್ಣದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಒಂದು ಗಂಟೆಯನ್ನು ಮೂರು ನಾಲ್ಕು ಗೆಳೆಯರ ಜೊತೆ ಕಳೆಯಲು ಬಿಡಿ. ಒಂದು ಗುರಿ ಅವರೇ ಇಟ್ಟುಕೊಳ್ಳಲಿ. ಊರಾಚೆಯ ಗುಡ್ಡದವರೆಗೆ ನಿಲ್ಲದೆ ಸೈಕಲ್ ತುಳಿಯುವುದೋ, ಐದು ಕಿಲೋಮೀಟರ್ ನಡೆಯದೆ ಓಡುವುದೋ. ಯಾರು ಮೊದಲು ಬಂದರು ಎಂದು ಕೇಳಬೇಡಿ. ಎಲ್ಲರೂ ಬಂದಿರಾ ಎಂದು ಕೇಳಿ.

“ಇದಕ್ಕೆಲ್ಲ ಎಷ್ಟು ಮಾರ್ಕ್ಸ್ ಬರುತ್ತೆ ಮೇಷ್ಟ್ರೇ?” ಎಂದು ಪೋಷಕರೊಬ್ಬರು ನನ್ನನ್ನು ಕೇಳಿದ್ದರು. ಅಂಕಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ, ನಿಜ. ಆದರೆ ದೊಡ್ಡ ಕೆಲಸವನ್ನು ದಿನದ ತುಂಡುಗಳಾಗಿ ಒಡೆಯುವುದು, ಆವೇಶಕ್ಕಿಂತ ಲಯವನ್ನು ನಂಬುವುದು, ಹಿಂದೆ ಬಿದ್ದವನಿಗಾಗಿ ನಿಲ್ಲುವುದು, ತಾನು ಹಿಂದೆ ಬಿದ್ದಾಗ ಸಂಕೋಚವಿಲ್ಲದೆ ಕೈ ಎತ್ತುವುದು ಇವೆಲ್ಲ ಗಣಿತದ ಪುಸ್ತಕದ ಮುಂದೆ ಕುಳಿತಾಗಲೂ ಬೇಕಾಗುತ್ತವೆ.

ವಿದ್ಯಾರ್ಥಿ ಮಿತ್ರರೇ, ಓದಿನ ದಾರಿಯೂ ದೂರದ್ದೇ. ಅಲ್ಲಿಯೂ ಮಾತಿನ ಪರೀಕ್ಷೆಯನ್ನು ಬಳಸಿ ನೋಡಿ. ಓದಿದ್ದನ್ನು ಪಕ್ಕದ ಗೆಳತಿಗೋ ಗೆಳೆಯನಿಗೋ ಪೂರ್ತಿ ವಾಕ್ಯಗಳಲ್ಲಿ ವಿವರಿಸಿ ಹೇಳಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ಹೇಳಲಾಗದೆ ಏದುಸಿರು ಬರುತ್ತಿದ್ದರೆ ಸ್ವಲ್ಪ ನಿಧಾನಿಸಿ, ಜೊತೆ ಸೇರಿಸಿಕೊಂಡು ಮತ್ತೆ ಹೊರಡಿ.